ಏಷ್ಯನ್ ಗೇಮ್ಸ್‌ನಲ್ಲಿ ಭಾರತ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕು ವರ್ಷಕ್ಕೊಮ್ಮೆ ಏಷ್ಯನ್ ಗೇಮ್ಸ್ ಬಂತೆಂದರೆ ಹಳೆಯ ಪ್ರಶ್ನೆಗಳೆಲ್ಲ ಒಟ್ಟಿಗೆ ಎದ್ದು ಬರುತ್ತವೆ. ಫುಟ್‌ಬಾಲ್‌ನಲ್ಲಿ ನಾವು ನಿಜಕ್ಕೂ ಚಿನ್ನ ಗೆದ್ದಿದ್ದೆವಾ? ಉಷಾಗೆ ಎಷ್ಟು ಪದಕ? ಜಕಾರ್ತದ ಲೆಕ್ಕ 69 ಅಂತ ಒಬ್ಬರು, 70 ಅಂತ ಇನ್ನೊಬ್ಬರು ಹೇಳುವುದೇಕೆ? ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಇಲ್ಲಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಕ್ರಮವಾಗಿಯೇ ಓದಬೇಕೆಂದೇನಿಲ್ಲ. ಆದರೆ ಪದಕಪಟ್ಟಿ ನೋಡಿ ಹಿಗ್ಗುವ ಅಥವಾ ಕುಗ್ಗುವ ಅಭ್ಯಾಸ ಇರುವವರು ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ.

1. ಏಷ್ಯನ್ ಗೇಮ್ಸ್, ಏಷ್ಯಾಡ್, ಏಷ್ಯನ್ ಕ್ರೀಡಾಕೂಟ: ಮೂರೂ ಒಂದೇನಾ?

ಒಂದೇ. ಗೊಂದಲ ಆಗುವುದು ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಜೊತೆ. ಅದು ಬೇರೆ ಕೂಟ, ಅಲ್ಲಿ ಓಟ, ಜಿಗಿತ, ಎಸೆತ ಬಿಟ್ಟರೆ ಬೇರೇನೂ ಇಲ್ಲ. ಪಿ.ಟಿ. ಉಷಾ 1985ರಲ್ಲಿ ಜಕಾರ್ತದಲ್ಲಿ ಐದು ಚಿನ್ನ ಗೆದ್ದದ್ದು ಈ ಚಾಂಪಿಯನ್‌ಷಿಪ್‌ನಲ್ಲಿ. ಮರುವರ್ಷ ಸೋಲ್‌ನಲ್ಲಿ ಗೆದ್ದ ನಾಲ್ಕು ಚಿನ್ನ, ಒಂದು ಬೆಳ್ಳಿ ಏಷ್ಯನ್ ಗೇಮ್ಸ್‌ನವು. ಕ್ವಿಜ್‌ಗಳಲ್ಲಿ ಈ ಎರಡನ್ನು ಕಲಸಿಬಿಡುವವರು ಈಗಲೂ ಸಿಗುತ್ತಾರೆ.

2. ಈ ಕೂಟ ಹುಟ್ಟಿದ್ದೇ ಭಾರತದಲ್ಲಿ ಎನ್ನುವುದು ನಿಜವೇ?

ನಿಜ. ಅದಕ್ಕೂ ಮೊದಲು ಪೂರ್ವ ಏಷ್ಯಾದವರು 1913ರಿಂದ 1934ರವರೆಗೆ ತಮ್ಮದೇ ಒಂದು ಕೂಟ ನಡೆಸುತ್ತಿದ್ದರು. ಇಡೀ ಏಷ್ಯಾಕ್ಕೆ ಒಂದು ಕೂಟ ಬೇಕು ಎಂದು ಹಟ ಹಿಡಿದವರು ಗುರುದತ್ತ ಸೋಂಧಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯಲ್ಲಿ ಭಾರತದ ಸದಸ್ಯರಾಗಿದ್ದವರು. 1934ರಲ್ಲೇ ದೆಹಲಿ ಮತ್ತು ಪಟಿಯಾಲದಲ್ಲಿ ಪಶ್ಚಿಮ ಏಷ್ಯಾದ ಒಂದು ಸಣ್ಣ ಕೂಟ ನಡೆಸಿ ಕೈ ಪಳಗಿಸಿಕೊಂಡಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಬಂದಿದ್ದ ಏಷ್ಯಾದ ತಂಡಗಳ ಮುಖ್ಯಸ್ಥರನ್ನು ಸೇರಿಸಿ ಮಾತಾಡಿದರು. 1949ರ ಫೆಬ್ರವರಿಯಲ್ಲಿ ದೆಹಲಿಯ ಪಟಿಯಾಲ ಹೌಸ್‌ನಲ್ಲಿ ಏಷ್ಯನ್ ಗೇಮ್ಸ್ ಫೆಡರೇಷನ್ ಹುಟ್ಟಿತು. 'ಸದಾ ಮುಂದಕ್ಕೆ' ಎನ್ನುವ ಅರ್ಥದ ಧ್ಯೇಯವಾಕ್ಯ ಕೊಟ್ಟವರೂ ಸೋಂಧಿಯವರೇ.

ಮೊದಲ ಕೂಟ 1950ರಲ್ಲಿ ಆಗಬೇಕಿತ್ತು, ತಯಾರಿ ಮುಗಿಯದೆ ಮುಂದಕ್ಕೆ ಹೋಯಿತು. 1951ರ ಮಾರ್ಚ್ 4ರಂದು ದೆಹಲಿಯ ನ್ಯಾಷನಲ್ ಸ್ಟೇಡಿಯಂನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಉದ್ಘಾಟಿಸಿದರು. ಹನ್ನೊಂದು ದೇಶ, 489 ಕ್ರೀಡಾಪಟುಗಳು, ಆರೇ ಕ್ರೀಡೆ, ಎಂಟು ದಿನ. ಪಾಕಿಸ್ತಾನ ಬರಲಿಲ್ಲ. ಯುದ್ಧದಲ್ಲಿ ಬೇಯುತ್ತಿದ್ದ ಕೊರಿಯಾ ಬರುವ ಸ್ಥಿತಿಯಲ್ಲಿರಲಿಲ್ಲ. ಚೀನಾ ಆಡಲಿಲ್ಲ.

ಅಂದಿನಿಂದ ಇಂದಿನವರೆಗೆ ಒಂದು ಕೂಟವನ್ನೂ ತಪ್ಪಿಸದ ಏಳು ದೇಶಗಳಲ್ಲಿ ಭಾರತವೂ ಒಂದು. ಉಳಿದವು ಜಪಾನ್, ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಶ್ರೀಲಂಕಾ ಮತ್ತು ಥಾಯ್ಲೆಂಡ್.

3. ಭಾರತಕ್ಕೆ ಮೊದಲ ಚಿನ್ನ ತಂದವರು ಯಾರು?

ಸಚಿನ್ ನಾಗ್, ಬನಾರಸಿನಲ್ಲಿ ಹುಟ್ಟಿ ಕಲ್ಕತ್ತಾದಲ್ಲಿ ಬೆಳಗಿದ ಈಜುಗಾರ. 100 ಮೀಟರ್ ಫ್ರೀಸ್ಟೈಲ್, 1 ನಿಮಿಷ 4.7 ಸೆಕೆಂಡ್. ಅದೇ ಕೂಟದಲ್ಲಿ ಗೆದ್ದ ವಾಟರ್ ಪೋಲೊ ತಂಡದಲ್ಲೂ ಅವರಿದ್ದರು. ಏಷ್ಯನ್ ಗೇಮ್ಸ್‌ನ ಈಜಿನಲ್ಲಿ ಭಾರತ ಗೆದ್ದ ಏಕೈಕ ಚಿನ್ನ ಇವತ್ತಿಗೂ ಅದೇ. 1986ರಲ್ಲಿ ಖಜಾನ್ ಸಿಂಗ್ ಬಟರ್‌ಫ್ಲೈನಲ್ಲಿ ಬೆಳ್ಳಿವರೆಗೆ ಬಂದರು, ಆಮೇಲೆ ವೀರಧವಳ ಖಾಡೆ, ಸಂದೀಪ್ ಸೆಜ್ವಾಲ್ ಕಂಚು ತಂದರು, ಅಷ್ಟೇ. ನಾಗ್ ತೀರಿಕೊಂಡದ್ದು 1987ರಲ್ಲಿ. ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2020ರಲ್ಲಿ. ಮೂವತ್ಮೂರು ವರ್ಷ ತಡ!

4. 1951ರಲ್ಲಿ ಎರಡನೇ ಸ್ಥಾನದಲ್ಲಿದ್ದೆವು, ಆಮೇಲೆ ಅಲ್ಲಿಗೆ ಮುಟ್ಟಲೇ ಇಲ್ಲ. ಹಾಗಾದರೆ ನಾವು ಹಿಂದೆ ಬಿದ್ದೆವಾ?

ಈ ಪ್ರಶ್ನೆಗೆ ಅಂಕಿ ಹಿಡಿದುಕೊಂಡೇ ಉತ್ತರಿಸಬೇಕು. 1951ರಲ್ಲಿ ಭಾರತದ್ದು 15 ಚಿನ್ನ, 16 ಬೆಳ್ಳಿ, 20 ಕಂಚು, ಒಟ್ಟು 51. 24 ಚಿನ್ನ ಗೆದ್ದ ಜಪಾನ್ ಒಂದೇ ನಮಗಿಂತ ಮುಂದಿತ್ತು. ಅಲ್ಲಿ ಸ್ಪರ್ಧೆಗಳಿದ್ದದ್ದು 57. ಅಂದರೆ ಹೆಚ್ಚುಕಡಿಮೆ ನಾಲ್ಕು ಚಿನ್ನಕ್ಕೆ ಒಂದು ನಮ್ಮದು.

2023ರಲ್ಲಿ ಚೀನಾದ ಹಾಂಗ್‌ಝೌದಲ್ಲಿ 28 ಚಿನ್ನ ಬಂದಾಗ ದೇಶವೆಲ್ಲ ಕುಣಿಯಿತು, ಕುಣಿಯಬೇಕಾದದ್ದೇ. ಆದರೆ ಅಲ್ಲಿ ಸ್ಪರ್ಧೆಗಳು 481. ಹದಿನೇಳು ಚಿನ್ನಕ್ಕೆ ಒಂದು ನಮಗೆ. ಪಾಲು ಅಂತ ನೋಡಿದರೆ ಇಳಿದಿದೆ.

ಇಲ್ಲಿಗೇ ನಿಲ್ಲಿಸಿ 'ಆ ಕಾಲವೇ ಕಾಲ' ಎನ್ನುವವರು ಇನ್ನರ್ಧ ಲೆಕ್ಕ ಮರೆಯುತ್ತಾರೆ. 1951ರಲ್ಲಿ ಎದುರಿಗಿದ್ದವರು ಹತ್ತು ದೇಶ. ಚೀನಾ ಇಲ್ಲ, ಎರಡು ಕೊರಿಯಾಗಳಿಲ್ಲ, ಕಜಕಿಸ್ತಾನ, ಉಜ್ಬೆಕಿಸ್ತಾನ ಆಗ ಸೋವಿಯತ್ ಒಕ್ಕೂಟದೊಳಗೆ. ಚೀನಾ ಮೊದಲ ಸಲ ಬಂದದ್ದು 1974ರ ತೆಹ್ರಾನ್‌ಗೆ. 1982ರಲ್ಲಿ ಜಪಾನನ್ನು ಕೆಳಗಿಳಿಸಿ ಮೇಲೇರಿದ್ದು ಮತ್ತೆ ಇಳಿದೇ ಇಲ್ಲ. ಮೂರು ವರ್ಷದ ಅಂತರದಲ್ಲೇ, 1954ರ ಮನಿಲಾದಲ್ಲಿ, ನಮ್ಮ ಚಿನ್ನ ಹದಿನೈದರಿಂದ ಐದಕ್ಕೆ ಇಳಿದಿತ್ತು ಎನ್ನುವುದನ್ನೂ ನೆನಪಿಡಬೇಕು. ತವರಿನ ಕೂಟದಲ್ಲಿ ಬಂದ ಪದಕಗಳಿಗೆ ತವರಿನ ಬಲವೂ ಇತ್ತು.

ನನ್ನ ಅಭಿಪ್ರಾಯ ಕೇಳಿದರೆ, ಸ್ಥಾನಕ್ಕಿಂತ ನೋಡಬೇಕಾದದ್ದು ಎಷ್ಟು ಬೇರೆ ಬೇರೆ ಆಟಗಳಲ್ಲಿ ಪದಕ ಬಂತು ಎನ್ನುವುದನ್ನು. 1974ರಲ್ಲಿ ನಮಗೆ ಸಿಕ್ಕ ನಾಲ್ಕೂ ಚಿನ್ನ ಅಥ್ಲೆಟಿಕ್ಸ್‌ನವು. ಹಾಂಗ್‌ಝೌದಲ್ಲಿ ಬಿಲ್ಲುಗಾರಿಕೆ, ಶೂಟಿಂಗ್, ಸ್ಕ್ವಾಷ್, ಬ್ಯಾಡ್ಮಿಂಟನ್, ಟೆನಿಸ್, ಕುದುರೆ ಸವಾರಿ, ಹಾಕಿ, ಕಬಡ್ಡಿ, ಕ್ರಿಕೆಟ್, ಎಲ್ಲದರಲ್ಲೂ ಚಿನ್ನ ಬಂತು. ಬೆಳೆದಿದ್ದೇವೆ ಎಂದು ಹೇಳಬೇಕಾದರೆ ಇದನ್ನು ತೋರಿಸಬೇಕು.

5. ಫುಟ್‌ಬಾಲ್‌ನಲ್ಲಿ ಭಾರತ ಚಿನ್ನ ಗೆದ್ದಿತ್ತಂತೆ. ಹೌದಾ?

ಹೌದು, ಎರಡು ಸಲ. 1951ರ ಫೈನಲ್‌ನಲ್ಲಿ ಇರಾನ್ ವಿರುದ್ಧ 1–0, ಗೋಲು ಸಾಹು ಮೇವಾಲಾಲ್ ಅವರದು, ನಾಯಕ ಶೈಲೇನ್ ಮನ್ನಾ. ನಮ್ಮವರಲ್ಲಿ ಹಲವರು ಬರಿಗಾಲಲ್ಲೇ ಆಡುತ್ತಿದ್ದ ಕಾಲ ಅದು. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು.

ಎರಡನೆಯದು 1962ರ ಜಕಾರ್ತ. ನನ್ನ ಮಟ್ಟಿಗೆ ಭಾರತದ ಏಷ್ಯನ್ ಗೇಮ್ಸ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಗೆಲುವಿಲ್ಲ, ಆದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ.

ಆ ಕೂಟಕ್ಕೆ ಆತಿಥೇಯ ಇಂಡೊನೇಷ್ಯಾ ಇಸ್ರೇಲ್ ಮತ್ತು ತೈವಾನ್‌ನವರಿಗೆ ವೀಸಾ ಕೊಡಲಿಲ್ಲ. ಯಾರನ್ನೂ ಹೊರಗಿಡಬಾರದು ಎಂಬ ನಿಯಮ ಮುರಿದರೆ ಇದನ್ನು ಏಷ್ಯನ್ ಗೇಮ್ಸ್ ಎಂದು ಕರೆಯುವುದೇ ಸರಿಯಲ್ಲ ಎಂದು ಆಕ್ಷೇಪ ಎತ್ತಿದವರು ಸೋಂಧಿ, ಅದೇ ಕೂಟವನ್ನು ಹುಟ್ಟುಹಾಕಿದ ಮನುಷ್ಯ. ಜಕಾರ್ತದ ಜನ ಕೆರಳಿದರು. ಭಾರತದ ರಾಯಭಾರ ಕಚೇರಿಗೆ ಗುಂಪು ನುಗ್ಗಿತು. ನಮ್ಮ ಆಟಗಾರರು ಹೋದಲ್ಲೆಲ್ಲ ಕೂಗಾಟ, ಬೈಗುಳ. ಇಂಥ ಗದ್ದಲದಲ್ಲಿ ಸೆಪ್ಟೆಂಬರ್ 4ರಂದು ಫೈನಲ್. ಎದುರಾಳಿ ದಕ್ಷಿಣ ಕೊರಿಯಾ, ಲೀಗ್ ಹಂತದಲ್ಲಿ ನಮ್ಮನ್ನು 2–0ಯಿಂದ ಸೋಲಿಸಿದ್ದ ತಂಡ. ಕ್ರೀಡಾಂಗಣ ತುಂಬಿತ್ತು, ನಮ್ಮ ಪರವಾಗಿ ಇದ್ದವರು ಬೆರಳೆಣಿಕೆಯಷ್ಟು.

ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಅವರಿಗೆ ಕ್ಯಾನ್ಸರ್. ರಕ್ಷಣೆಯ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಥಾಯ್ಲೆಂಡ್ ಪಂದ್ಯದಲ್ಲಿ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಅವರನ್ನು ಕೂರಿಸುವ ಬದಲು ರಹೀಮ್ ಸೆಮಿಫೈನಲ್‌ನಿಂದ ಮುಂದಿನ ಸಾಲಿಗೆ, ಸೆಂಟರ್ ಫಾರ್ವರ್ಡ್ ಜಾಗಕ್ಕೆ ತಂದು ನಿಲ್ಲಿಸಿದರು. ತಲೆಗೆ ಬ್ಯಾಂಡೇಜು ಸುತ್ತಿಕೊಂಡ ಡಿಫೆಂಡರ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಇನ್ನೊಂದು ಗೋಲು ಪಿ.ಕೆ. ಬ್ಯಾನರ್ಜಿಯವರದು. 2–1. ನಾಯಕ ಚುನಿ ಗೋಸ್ವಾಮಿ ಪದಕ ಹಾಕಿಸಿಕೊಂಡರು. ಮರುವರ್ಷ ರಹೀಮ್ ತೀರಿಕೊಂಡರು.

1970ರಲ್ಲಿ ಜಪಾನನ್ನು ಸೋಲಿಸಿ ಗೆದ್ದ ಕಂಚೇ ಪುರುಷರ ಫುಟ್‌ಬಾಲ್‌ನ ಕೊನೆಯ ಪದಕ. ಹಾಂಗ್‌ಝೌಗೆ ಕಳಿಸಲು ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲು ಮೀನಮೇಷ ಎಣಿಸಿದ್ದರಿಂದ ತಂಡ ಕೊನೇ ಗಳಿಗೆಯಲ್ಲಿ ಕೂಡಿತು. ಚೀನಾ ವಿರುದ್ಧದ ಪಂದ್ಯದ ಹಿಂದಿನ ದಿನವಷ್ಟೇ ಅಲ್ಲಿ ಇಳಿದು 1–5ರಿಂದ ಸೋತರು. ಸುನಿಲ್ ಛೆಟ್ರಿ ಇದ್ದೂ ಪ್ರೀ-ಕ್ವಾರ್ಟರ್ ದಾಟಲಾಗಲಿಲ್ಲ.

6. ಹಾಕಿಯಲ್ಲಿ ಒಲಿಂಪಿಕ್ಸ್ ಚಿನ್ನ ಎಂಟು, ಏಷ್ಯನ್ ಗೇಮ್ಸ್‌ನಲ್ಲಿ ಯಾಕೆ ಇಷ್ಟು ಕಡಿಮೆ?

ಒಂದೇ ಮಾತಿನ ಉತ್ತರ: ಪಾಕಿಸ್ತಾನ. ಹಾಕಿ ಈ ಕೂಟಕ್ಕೆ ಬಂದದ್ದು 1958ರಲ್ಲಿ. ಆಗ ಎರಡೂ ತಂಡಗಳ ಪಂದ್ಯ 0–0 ಆಗಿ ಗೋಲು ಸರಾಸರಿಯಲ್ಲಿ ಚಿನ್ನ ಅವರ ಪಾಲಾಯಿತು. 1966ರಲ್ಲಿ ಬ್ಯಾಂಕಾಕ್‌ನಲ್ಲಿ ಹೆಚ್ಚುವರಿ ಸಮಯದ ಗೋಲಿನಿಂದ ಪಾಕಿಸ್ತಾನವನ್ನು ಸೋಲಿಸಿ ನಮ್ಮ ಮೊದಲ ಚಿನ್ನ. ಎರಡನೆಯದಕ್ಕೆ 32 ವರ್ಷ ಕಾದೆವು.

ಆ ನಡುವೆ 1982ರ ದೆಹಲಿ ಬಂತು. ಪ್ರಧಾನಿ ಎದುರಿಗೆ, ತುಂಬಿದ ಕ್ರೀಡಾಂಗಣದಲ್ಲಿ ಪಾಕಿಸ್ತಾನಕ್ಕೆ 1–7ರ ಸೋಲು. ಗೋಲ್‌ಕೀಪರ್ ಮೀರ್ ರಂಜನ್ ನೇಗಿಯವರನ್ನು ದೇಶದ್ರೋಹಿ ಎನ್ನುವವರೆಗೆ ಜನ ಹೋದರು. ಅದೇ ಕೂಟದಲ್ಲಿ ನಮ್ಮ ಮಹಿಳೆಯರು ಹಾಕಿಯಲ್ಲಿ ಚಿನ್ನ ಗೆದ್ದಿದ್ದರು, ಅವರ ಪಾಲಿಗೆ ಇಂದಿಗೂ ಅದೊಂದೇ ಚಿನ್ನ. ಆ ಏಳು ಗೋಲು ನೆನಪಿರುವ ನೂರು ಜನರಲ್ಲಿ ಈ ಚಿನ್ನ ನೆನಪಿರುವವರು ಹತ್ತು ಜನ ಇದ್ದಾರೋ ಇಲ್ಲವೋ.

1998ರ ಬ್ಯಾಂಕಾಕ್ ಫೈನಲ್ ಪೆನಾಲ್ಟಿಗೆ ಹೋಯಿತು. ಗೋಲು ಕಾದವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ದಕ್ಷಿಣ ಕೊರಿಯಾ ಸೋತಿತು, ಧನರಾಜ್ ಪಿಳ್ಳೈ ಬಳಗಕ್ಕೆ ಚಿನ್ನ. 2014ರಲ್ಲಿ ಇಂಚಿಯಾನ್‌ನಲ್ಲಿ ಮತ್ತೆ ಪಾಕಿಸ್ತಾನ ಎದುರು, ಶೂಟೌಟ್‌ನಲ್ಲಿ 4–2. ನಾಲ್ಕನೆಯದು ಹಾಂಗ್‌ಝೌನಲ್ಲಿ ಜಪಾನ್ ವಿರುದ್ಧ 5–1. ಈ ಚಿನ್ನಕ್ಕೆ ಒಲಿಂಪಿಕ್ಸ್‌ಗೆ ನೇರ ಟಿಕೆಟ್ಟೂ ಅಂಟಿಕೊಂಡಿರುತ್ತದೆ. ಹಾಗಾಗಿ ಹಾಕಿ ತಂಡದವರಿಗೆ ಈ ಕೂಟ ಪದಕದ ವಿಷಯ ಮಾತ್ರ ಅಲ್ಲ, ಮುಂದಿನ ವರ್ಷದ ನೆಮ್ಮದಿಯ ವಿಷಯವೂ ಹೌದು.

7. ಮಿಲ್ಖಾ ಸಿಂಗ್ ಇಲ್ಲಿ ಏನೇನು ಗೆದ್ದರು?

ನಾಲ್ಕು ಚಿನ್ನ. 1958ರ ಟೋಕಿಯೊದಲ್ಲಿ 200 ಮತ್ತು 400 ಮೀಟರ್, 1962ರಲ್ಲಿ 400 ಮೀಟರ್ ಮತ್ತು 4x400 ರಿಲೇ. ಇವುಗಳಲ್ಲಿ ಜನ ಮಾತಾಡುವುದು ಟೋಕಿಯೊದ 200 ಮೀಟರ್ ಬಗ್ಗೆ. ಪಕ್ಕದಲ್ಲಿ ಪಾಕಿಸ್ತಾನದ ಅಬ್ದುಲ್ ಖಾಲಿಕ್, ಆ ಹೊತ್ತಿಗೆ ಏಷ್ಯಾದ ಅತಿ ವೇಗದ ಓಟಗಾರ. ಗೆರೆ ಮುಟ್ಟುವಾಗ ಮಿಲ್ಖಾ ಕಾಲಿನ ಸ್ನಾಯು ಹಿಡಿದು ಮುಗ್ಗರಿಸಿ ಬಿದ್ದರು. ಯಾರು ಗೆದ್ದರೆಂದು ಫೋಟೊ ನೋಡಿ ತೀರ್ಮಾನಿಸಬೇಕಾಯಿತು. 21.6 ಸೆಕೆಂಡ್, ಖಾಲಿಕ್ 21.7.

8. ಮಹಿಳೆಯರಲ್ಲಿ ಮೊದಲ ಚಿನ್ನ ಯಾರದು? ಉಷಾ ಅವರದಾ?

ಅಲ್ಲ. 1954ರ ಮನಿಲಾದಲ್ಲೇ 4x100 ರಿಲೇಯಲ್ಲಿ ನಮ್ಮ ಮಹಿಳಾ ತಂಡ ಚಿನ್ನ ಗೆದ್ದಿತ್ತು: ಕ್ರಿಸ್ಟೀನ್ ಬ್ರೌನ್, ಸ್ಟೆಫಿ ಡಿಸೋಜ, ವಯೊಲೆಟ್ ಪೀಟರ್ಸ್, ಮೇರಿ ಲೀಲಾ ರಾವ್. ಒಬ್ಬರೇ ಗೆದ್ದ ಮೊದಲ ಚಿನ್ನ ಕಮಲಜೀತ್ ಸಂಧು ಅವರದು, 1970ರ ಬ್ಯಾಂಕಾಕ್‌ನಲ್ಲಿ 400 ಮೀಟರ್. 1978ರಲ್ಲಿ ಗೀತಾ ಝುತ್ಶಿ 800 ಮೀಟರ್ ಗೆದ್ದರು. 1982ರಲ್ಲಿ ಎಂ.ಡಿ. ವಲ್ಸಮ್ಮ 400 ಮೀಟರ್ ಹರ್ಡಲ್ಸ್ ಗೆದ್ದಾಗ ಅದೇ ಕೇರಳದ ಹುಡುಗಿ ಉಷಾ 100 ಮತ್ತು 200ರಲ್ಲಿ ಬೆಳ್ಳಿ ಗೆದ್ದು ಕಾಯುತ್ತಿದ್ದರು.

ಆಮೇಲಿನದು 1986ರ ಸೋಲ್. ಭಾರತಕ್ಕೆ ಬಂದ ಚಿನ್ನ ಒಟ್ಟು ಐದು. 200 ಮೀಟರ್, 400 ಮೀಟರ್, 400 ಮೀಟರ್ ಹರ್ಡಲ್ಸ್ ಉಷಾ ಅವರದು. 4x400 ರಿಲೇಯಲ್ಲಿ ಉಷಾ ಜೊತೆ ವಲ್ಸಮ್ಮ, ಶೈನಿ ಅಬ್ರಹಾಂ, ವಂದನಾ ರಾವ್. ಐದನೆಯದು ಪೈಲ್ವಾನ್ ಕರ್ತಾರ್ ಸಿಂಗ್ ಅವರದು. ಅಷ್ಟು ದೊಡ್ಡ ತಂಡ ಹೋಗಿ, ಚಿನ್ನದ ಲೆಕ್ಕಕ್ಕೆ ಉಳಿದದ್ದು ಒಂದು ಜೊತೆ ಕಾಲು ಮತ್ತು ಒಂದು ಜೊತೆ ತೋಳು ಎಂದರೆ ಉತ್ಪ್ರೇಕ್ಷೆ ಅಲ್ಲ.

ರಿಲೇ ಬಗ್ಗೆ ಇನ್ನೊಂದು ಮಾತು. ಮಹಿಳೆಯರ 4x400 ಮೀಟರ್ ರಿಲೇಯನ್ನು ಭಾರತ 2002ರಿಂದ 2018ರವರೆಗೆ ಸತತ ಐದು ಕೂಟಗಳಲ್ಲಿ ಗೆದ್ದಿತು. ಓಡಿದ ತಂಡ ಸಲದಿಂದ ಸಲಕ್ಕೆ ಬದಲಾಗುತ್ತಿತ್ತು, ಬ್ಯಾಟನ್ ಮಾತ್ರ ಮೊದಲು ಬರುತ್ತಿದ್ದದ್ದು ನಮ್ಮದೇ. ಹಾಂಗ್‌ಝೌನಲ್ಲಿ ಬಹ್ರೇನ್ ಮುಂದೆ ಹೋಗಿ ನಮಗೆ ಬೆಳ್ಳಿ ಬಂತು.

ನೋವಿನ ಅಧ್ಯಾಯವೂ ಇದೆ. 2006ರ ದೋಹಾದಲ್ಲಿ 800 ಮೀಟರ್ ಬೆಳ್ಳಿ ಗೆದ್ದ ತಮಿಳುನಾಡಿನ ಶಾಂತಿ ಸೌಂದರ್‌ರಾಜನ್ ಅವರಿಂದ ಲಿಂಗ ಪರೀಕ್ಷೆಯ ಹೆಸರಲ್ಲಿ ಪದಕ ಕಿತ್ತುಕೊಳ್ಳಲಾಯಿತು. ಅವರು ಯಾವ ಔಷಧಿಯನ್ನೂ ತೆಗೆದುಕೊಂಡಿರಲಿಲ್ಲ, ಯಾರನ್ನೂ ವಂಚಿಸಿರಲಿಲ್ಲ. 2002ರಲ್ಲಿ ಸುನೀತಾ ರಾಣಿಯವರ ಪದಕಗಳನ್ನು ಉದ್ದೀಪನ ಮದ್ದಿನ ಆರೋಪದ ಮೇಲೆ ಕಸಿದು, ಪ್ರಯೋಗಾಲಯದ ತಪ್ಪುಗಳು ಹೊರಬಂದ ಮೇಲೆ ಮರಳಿಸಿದ್ದರು. ಶಾಂತಿಗೆ ಆ ಭಾಗ್ಯ ಬರಲಿಲ್ಲ.

9. 1982ರ ದೆಹಲಿ ಏಷ್ಯಾಡ್ ಅಂದರೆ ಹಿರಿಯರೆಲ್ಲ ಟಿವಿ ಕಥೆ ಹೇಳುವುದೇಕೆ?

ಯಾಕೆಂದರೆ ಬಣ್ಣದ ಟಿವಿ ನಮ್ಮ ದೇಶಕ್ಕೆ ಬಂದದ್ದು ಆ ವರ್ಷವೇ, ಕೂಟದ ನೆಪದಲ್ಲೇ. ಯಾರ ಮನೆಯಲ್ಲಿ ಟಿವಿ ಇದೆಯೋ ಅವರ ನಡುಮನೆಯೇ ಸ್ಟೇಡಿಯಂ, ಚಪ್ಪಲಿ ಬಾಗಿಲ ಹೊರಗೆ ರಾಶಿ. ಅಪ್ಪು ಎನ್ನುವ ಆನೆಮರಿ ಲಾಂಛನ ಪೆನ್ಸಿಲ್ ಡಬ್ಬಿಯಿಂದ ಕ್ಯಾಲೆಂಡರ್‌ವರೆಗೆ ಹತ್ತಿ ಕೂತಿತ್ತು. ದೆಹಲಿಗೆ ಜವಾಹರಲಾಲ್ ನೆಹರೂ ಸ್ಟೇಡಿಯಂ, ಫ್ಲೈಓವರ್‌ಗಳು, ಏಷ್ಯಾಡ್ ವಿಲೇಜ್ ಸಿಕ್ಕಿದವು.

ಆಟದ ಲೆಕ್ಕದಲ್ಲಿ 13 ಚಿನ್ನ, 19 ಬೆಳ್ಳಿ, 25 ಕಂಚು, ಐದನೇ ಸ್ಥಾನ. ಚಾರ್ಲ್ಸ್ ಬೊರೊಮಿಯೊ 800 ಮೀಟರ್, ಚಾಂದ್ ರಾಮ್ 20 ಕಿಲೋಮೀಟರ್ ನಡಿಗೆ, ಬಹಾದೂರ್ ಸಿಂಗ್ ಗುಂಡು ಎಸೆತ, ಸತ್ಪಾಲ್ ಕುಸ್ತಿ, ಕೌರ್ ಸಿಂಗ್ ಬಾಕ್ಸಿಂಗ್ ಗೆದ್ದರು. ಗಾಲ್ಫ್, ಕುದುರೆ ಸವಾರಿ, ಹಾಯಿದೋಣಿಯಲ್ಲೂ ಚಿನ್ನ ಬಂತು. ಕೂಟವನ್ನು ನಡೆಸುವ ಸಂಸ್ಥೆಯೂ ಆಗಲೇ ಬದಲಾಯಿತು: ಹಳೇ ಫೆಡರೇಷನ್ ಹೋಗಿ ಏಷ್ಯಾ ಒಲಿಂಪಿಕ್ ಮಂಡಳಿ ಬಂತು. ಅದರ ಹುಟ್ಟೂರೂ ದೆಹಲಿಯೇ.

10. ಒಂದೇ ಒಂದು ಚಿನ್ನ ಬಂದ ಕೂಟವೂ ಇದೆಯಂತೆ?

1990, ಬೀಜಿಂಗ್. ಮರ್ಯಾದೆ ಉಳಿಸಿದ್ದು ಕಬಡ್ಡಿ, ಅದೂ ಆ ವರ್ಷವಷ್ಟೇ ಪದಕದ ಆಟವಾಗಿ ಸೇರಿದ್ದು. ಕಬಡ್ಡಿ ಇರದಿದ್ದರೆ ಸೊನ್ನೆ. ನಾಲ್ಕು ವರ್ಷದ ಮೇಲೆ ಹಿರೋಶಿಮಾದಲ್ಲೂ ನಾಲ್ಕೇ ಚಿನ್ನ: ಟೆನಿಸ್‌ನಲ್ಲಿ ಎರಡು, ಶೂಟಿಂಗ್‌ನಲ್ಲಿ ಜಸ್ಪಾಲ್ ರಾಣಾ, ಮತ್ತೆ ಕಬಡ್ಡಿ.

11. ಕಬಡ್ಡಿಯಲ್ಲಿ ನಾವು ಸೋತದ್ದೂ ಉಂಟಾ? ಹಾಂಗ್‌ಝೌ ಫೈನಲ್‌ನಲ್ಲಿ ಆಟ ನಿಂತದ್ದೇಕೆ?

ಉಂಟು. 1990ರಿಂದ 2014ರವರೆಗೆ ಏಳಕ್ಕೆ ಏಳು ಪುರುಷರ ಚಿನ್ನ ನಮ್ಮದೇ. 2018ರ ಜಕಾರ್ತದಲ್ಲಿ ಲೀಗ್‌ನಲ್ಲಿ ದಕ್ಷಿಣ ಕೊರಿಯಾ ಒಂದು ಅಂಕದಿಂದ ಸೋಲಿಸಿತು, ಸೆಮಿಫೈನಲ್‌ನಲ್ಲಿ ಇರಾನ್ 27–18ರಿಂದ ಮುಗಿಸಿತು. ಮರುದಿನ ಮಹಿಳೆಯರೂ ಫೈನಲ್‌ನಲ್ಲಿ ಇರಾನಿಗೇ ಸೋತರು. ಆ ಇರಾನ್ ಮಹಿಳಾ ತಂಡಕ್ಕೆ ಪಟ್ಟು ಹೇಳಿಕೊಟ್ಟವರು ನಾಸಿಕದ ಶೈಲಜಾ ಜೈನ್. ನಾವು ಕಲಿಸಿದ ಆಟವನ್ನು ಅವರು ನಮಗಿಂತ ಚೆನ್ನಾಗಿ ಆಡಿದರು ಎಂದು ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ಇನ್ನು ಹಾಂಗ್‌ಝೌ. 28–28, ಒಂದು ನಿಮಿಷದಷ್ಟು ಆಟ ಬಾಕಿ. ಪವನ್ ಸೆಹ್ರಾವತ್ ರೈಡಿಗೆ ಹೋಗಿ ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಅಂಗಳದ ಪಕ್ಕದ ಪಟ್ಟಿಗೆ, ಕಾಲಿಟ್ಟರು. ಹಿಡಿಯಲು ಬಂದ ಇರಾನಿಗರೂ ಅವರ ಹಿಂದೆಯೇ ಲಾಬಿಗೆ ಇಳಿದರು. ಹಳೇ ನಿಯಮ ಹಿಡಿದರೆ ಹಿಂಬಾಲಿಸಿದವರೂ ಔಟು. ಹೊಸ ನಿಯಮದಲ್ಲಿ ರೈಡರ್ ಒಬ್ಬನೇ ಔಟು. ಯಾವ ನಿಯಮ ಅನ್ವಯ ಎನ್ನುವುದು ರೆಫರಿಗಳಿಗೇ ಬಗೆಹರಿಯಲಿಲ್ಲ. ತೀರ್ಪು ಆ ಕಡೆ, ಈ ಕಡೆ, ಮತ್ತೆ ಆ ಕಡೆ ಹೋಯಿತು. ಒಮ್ಮೆ ಈ ತಂಡ ಕೂತು ಪ್ರತಿಭಟಿಸಿದರೆ ಇನ್ನೊಮ್ಮೆ ಆ ತಂಡ. ಸುಮಾರು ಒಂದು ತಾಸು ಹಾಗೇ ಕಳೆದು ಕೊನೆಗೆ ಭಾರತ 33–29ರಿಂದ ಗೆದ್ದಿತು. ಅಂತರರಾಷ್ಟ್ರೀಯ ಫೈನಲ್‌ಗೆ ಬಂದ ಮೇಲೂ ನಿಯಮಪುಸ್ತಕ ಯಾವುದು ಎಂದು ಹುಡುಕುವ ಸ್ಥಿತಿ ಈ ಆಟಕ್ಕೆ ಶೋಭೆ ತರುವಂಥದ್ದಲ್ಲ, ಚಿನ್ನ ನಮಗೇ ಬಂದರೂ ಸಹ.

12. ಜಕಾರ್ತ 2018ರ ಪದಕ ಅರವತ್ತೊಂಬತ್ತಾ, ಎಪ್ಪತ್ತಾ?

ಎರಡೂ ಸರಿ, ನೀವು ಯಾವ ದಿನದ ಪಟ್ಟಿ ನೋಡುತ್ತಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ಕೂಟ ಮುಗಿದಾಗ 15 ಚಿನ್ನ, 24 ಬೆಳ್ಳಿ, 30 ಕಂಚು, ಒಟ್ಟು 69. ಆಮೇಲೆ ಬಹ್ರೇನ್‌ನ ಕೆಮಿ ಅಡೆಕೋಯಾ ಉದ್ದೀಪನ ಮದ್ದು ಸೇವಿಸಿದ್ದು ಸಾಬೀತಾಯಿತು. ಅವರು ಓಡಿದ್ದ ಮಿಶ್ರ ರಿಲೇಯ ಚಿನ್ನ ಬೆಳ್ಳಿ ಗೆದ್ದಿದ್ದ ನಮಗೆ ಬಂತು. 400 ಮೀಟರ್ ಹರ್ಡಲ್ಸ್‌ನಲ್ಲಿ ನಾಲ್ಕನೇ ಸ್ಥಾನದಲ್ಲಿದ್ದ ಅನು ರಾಘವನ್‌ಗೆ ಕಂಚು ಸಿಕ್ಕಿತು. ಹಾಗೆ 16, 23, 31, ಒಟ್ಟು 70. ಪದಕ ಕೈಗೆ ಬರುತ್ತದೆ ಸರಿ, ಆದರೆ ವೇದಿಕೆ ಮೇಲೆ ನಿಂತು ರಾಷ್ಟ್ರಗೀತೆ ಕೇಳುವ ಆ ಎರಡು ನಿಮಿಷವನ್ನು ಯಾವ ಸಮಿತಿಯೂ ಹಿಂದಿರುಗಿಸಲಾರದು.

13. ಹಾಂಗ್‌ಝೌನಲ್ಲಿ ಅಷ್ಟೊಂದು ಪದಕ ಬಂದದ್ದು ಹೇಗೆ?

ಕೂಟ 2022ರದು, ಕೋವಿಡ್‌ನಿಂದ ಮುಂದಕ್ಕೆ ಹೋಗಿ ನಡೆದದ್ದು 2023ರ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 8ರವರೆಗೆ. ಹಾಗಾಗಿ ಹೆಸರಲ್ಲಿ 2022 ಅಂತಲೇ ಇದೆ. ಕೂಟ ಮುಗಿದಾಗ ಭಾರತದ ಲೆಕ್ಕ 28 ಚಿನ್ನ, 38 ಬೆಳ್ಳಿ, 41 ಕಂಚು, ಒಟ್ಟು 107, ನಾಲ್ಕನೇ ಸ್ಥಾನ. ನೂರನೆಯ ಪದಕ ಮಹಿಳಾ ಕಬಡ್ಡಿಯದು, ಚೈನೀಸ್ ತೈಪೆ ವಿರುದ್ಧ 26–25.

ಮೂರು ಕಡೆಯಿಂದ ಬಂದದ್ದೇ ಅರ್ಧಕ್ಕಿಂತ ಹೆಚ್ಚು. ಅಥ್ಲೆಟಿಕ್ಸ್‌ನಲ್ಲಿ 29, ಶೂಟಿಂಗ್‌ನಲ್ಲಿ 22, ಜೊತೆಗೆ ಬಿಲ್ಲುಗಾರಿಕೆ. ಕಾಂಪೌಂಡ್ ಬಿಲ್ಲಿನ ಐದಕ್ಕೆ ಐದೂ ಚಿನ್ನ ನಮ್ಮವರೇ ಬಾಚಿಕೊಂಡರು, ಜ್ಯೋತಿ ಸುರೇಖಾ ಮತ್ತು ಓಜಸ್ ದೇವತಳೆ ತಲಾ ಮೂರು. ಬ್ಯಾಡ್ಮಿಂಟನ್‌ನ ಮೊದಲ ಚಿನ್ನ ಸಾತ್ವಿಕ್–ಚಿರಾಗ್ ಜೋಡಿಯದು. ಕುದುರೆ ಸವಾರಿಯಲ್ಲಿ 41 ವರ್ಷದ ಮೇಲೆ ಚಿನ್ನ.

ನಾನು ಮತ್ತೆ ಮತ್ತೆ ನೋಡುವುದು ಮಾತ್ರ ಪಾರುಲ್ ಚೌಧರಿಯವರ 5000 ಮೀಟರ್ ಓಟವನ್ನು. ಕೊನೆಯ ಸುತ್ತು, ಕೊನೆಯ ತಿರುವು, ಮುಂದೆ ಜಪಾನ್‌ನ ಹಿರೊನಾಕಾ. ಇನ್ನೇನು ಮೂವತ್ತು ಮೀಟರ್ ಉಳಿದಿದೆ ಎನ್ನುವಾಗ ಪಾರುಲ್ ಒಳಗಿನಿಂದ ನುಗ್ಗಿ ದಾಟಿಬಿಟ್ಟರು. ಕೊನೆಯ ಆ ಓಟದಲ್ಲಿ ತಲೆಯಲ್ಲಿ ಏನಿತ್ತು ಎಂದು ಕೇಳಿದ್ದಕ್ಕೆ, ಚಿನ್ನ ಗೆದ್ದರೆ ಉತ್ತರ ಪ್ರದೇಶದ ಪೊಲೀಸ್ ಇಲಾಖೆಯಲ್ಲಿ ಡಿಎಸ್‌ಪಿ ಮಾಡುತ್ತಾರಲ್ಲ ಅದು ನೆನಪಾಯಿತು ಎಂದರು. ದೇಶ, ಧ್ವಜ ಎಂದು ಬಾಯಿಪಾಠ ಒಪ್ಪಿಸದೆ ಕೆಲಸದ ಮಾತಾಡಿದ್ದು ನನಗೆ ಬಹಳ ಹಿಡಿಸಿತು.

ಮರುದಿನದ ಜಾವೆಲಿನ್ ಇನ್ನೊಂದು ನಾಟಕ. ನೀರಜ್ ಚೋಪ್ರಾ ಅವರ ಮೊದಲ ಎಸೆತವನ್ನು ಯಂತ್ರ ಅಳೆಯಲೇ ಇಲ್ಲ, ಮತ್ತೆ ಎಸೆಯಬೇಕಾಯಿತು. ಕಿಶೋರ್ ಜೇನಾ ಅವರ ಎಸೆತವೊಂದಕ್ಕೆ ತಪ್ಪಾಗಿ ಕೆಂಪು ಬಾವುಟ ಎತ್ತಿದಾಗ ಜಗಳಕ್ಕೆ ನಿಂತವರು ನೀರಜ್, ಅಂದರೆ ಜೇನಾ ಅವರ ಎದುರಾಳಿಯೇ. ಮೂರನೇ ಎಸೆತದಲ್ಲಿ ಜೇನಾ ನೀರಜ್‌ರನ್ನೇ ಹಿಂದಿಕ್ಕಿದರು. ಕೊನೆಗೆ ನೀರಜ್ 88.88 ಮೀಟರ್, ಜೇನಾ 87.54.

14. ಕ್ರಿಕೆಟ್ ಇಷ್ಟು ಆಡುವ ದೇಶಕ್ಕೆ ಕ್ರಿಕೆಟ್ ಚಿನ್ನ ಇಷ್ಟು ತಡವಾಗಿ ಯಾಕೆ?

ಕಳಿಸಲಿಲ್ಲ, ಅದಕ್ಕೆ. 2010 ಮತ್ತು 2014ರಲ್ಲಿ ಕ್ರಿಕೆಟ್ ಇತ್ತು, ಭಾರತದ ತಂಡ ಹೋಗಲಿಲ್ಲ. ಹಾಂಗ್‌ಝೌಗೆ ಹೋದರು, ಎರಡೂ ಚಿನ್ನ ತಂದರು. ಮಹಿಳೆಯರು ಶ್ರೀಲಂಕಾವನ್ನು 19 ರನ್‌ಗಳಿಂದ ಸೋಲಿಸಿದರು, ಆ ತಂಡದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಇದ್ದರು. ಪುರುಷರ ಫೈನಲ್‌ನಲ್ಲಿ ಅಫ್ಗಾನಿಸ್ತಾನ ಬ್ಯಾಟಿಂಗ್ ಮಾಡುತ್ತಿರುವಾಗಲೇ ಮಳೆ ಬಂತು. ಶ್ರೇಯಾಂಕ ಮೇಲಿದ್ದ ಕಾರಣಕ್ಕೆ ಚಿನ್ನ ನಮಗೆ.

15. ಕರ್ನಾಟಕದವರು ಯಾರ್‍ಯಾರು ಚಿನ್ನ ಗೆದ್ದಿದ್ದಾರೆ?

ಪೂರ್ತಿ ಪಟ್ಟಿ ಅಲ್ಲ, ನನಗೆ ಮೊದಲು ನೆನಪಾಗುವವರು ಇವರು. ಪಂಕಜ್ ಅಡ್ವಾಣಿ 2006 ಮತ್ತು 2010ರಲ್ಲಿ ಬಿಲಿಯರ್ಡ್ಸ್ ಸಿಂಗಲ್ಸ್ ಗೆದ್ದರು. ಆಮೇಲೆ ಆ ಆಟವನ್ನೇ ಕೂಟದಿಂದ ಕೈಬಿಟ್ಟರು, ಇಲ್ಲವಾದರೆ ಅವರ ಗೋಡೆಯಲ್ಲಿ ಇನ್ನೆಷ್ಟು ನೇತಾಡುತ್ತಿದ್ದವೋ. ಕೊಡಗಿನ ರೋಹನ್ ಬೋಪಣ್ಣ 2018ರಲ್ಲಿ ದಿವಿಜ್ ಶರಣ್ ಜೊತೆ ಡಬಲ್ಸ್, ಹಾಂಗ್‌ಝೌನಲ್ಲಿ 43ರ ವಯಸ್ಸಲ್ಲಿ ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್. ಮಂಗಳೂರಿನ ಎಂ.ಆರ್. ಪೂವಮ್ಮ 2014 ಮತ್ತು 2018ರ ರಿಲೇಗಳಲ್ಲಿ. 2014ರ ಹಾಕಿ ಚಿನ್ನದ ತಂಡದಲ್ಲಿ ಕೊಡಗಿನವರೇ ನಾಲ್ವರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ.

ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜೆ 2010ರ ಗುವಾಂಗ್‌ಝೌನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ ಗೆದ್ದರು. ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಿಷೇಧಕ್ಕೊಳಗಾದರು. ಅದು ಕೂಟದ ನಂತರದ ಪರೀಕ್ಷೆ, ಹಾಗಾಗಿ ಪದಕ ಉಳಿಯಿತು. ಊರಲ್ಲಿ ಮೆರವಣಿಗೆ ಮಾಡಿದ ಜನರಿಗೆ ಆ ಸುದ್ದಿ ನುಂಗಲು ಕಷ್ಟವಾಗಿತ್ತು.

ಚಿನ್ನ ತಪ್ಪಿದವರಲ್ಲಿ ಗಾಲ್ಫ್‌ನ ಅದಿತಿ ಅಶೋಕ್ ಹೆಸರು ಹೇಳಲೇಬೇಕು. ಹಾಂಗ್‌ಝೌನಲ್ಲಿ ಕೊನೆಯ ದಿನಕ್ಕೆ ಏಳು ಹೊಡೆತ ಮುಂದಿದ್ದರು. ಆ ಒಂದು ದಿನ ಕೈಕೊಟ್ಟು ಬೆಳ್ಳಿ ಬಂತು. ಅದೂ ಭಾರತದ ಮಹಿಳಾ ಗಾಲ್ಫ್‌ಗೆ ಇಲ್ಲಿ ಮೊದಲ ಪದಕ.

16. ಪ್ಯಾರಾ ಏಷ್ಯನ್ ಗೇಮ್ಸ್ ಪದಕಗಳು ಇದರಲ್ಲಿ ಸೇರುತ್ತವಾ?

ಇಲ್ಲ, ಅದು ಬೇರೆ ಕೂಟ, ಬೇರೆ ಪಟ್ಟಿ. ಹಾಂಗ್‌ಝೌನಲ್ಲೇ 2023ರ ಅಕ್ಟೋಬರ್ ಕೊನೆಯಲ್ಲಿ ನಡೆದ ಪ್ಯಾರಾ ಕೂಟದಲ್ಲಿ ಭಾರತ 29 ಚಿನ್ನ ಸೇರಿ 111 ಪದಕ ಗೆದ್ದಿತು, ಅಂದರೆ ಮೊದಲಿನ ಕೂಟಕ್ಕಿಂತ ಹೆಚ್ಚು. ಎರಡೂ ತೋಳಿಲ್ಲದ ಶೀತಲ್ ದೇವಿ ಕಾಲಲ್ಲಿ ಬಿಲ್ಲು ಹಿಡಿದು ಎರಡು ಚಿನ್ನ ಗೆದ್ದದ್ದು ಅಲ್ಲೇ. ಚಿಕ್ಕಮಗಳೂರಿನ ರಕ್ಷಿತಾ ರಾಜು ದೃಷ್ಟಿದೋಷವಿರುವವರ 1500 ಮೀಟರ್‌ನಲ್ಲಿ ಚಿನ್ನ ಗೆದ್ದರು. ಬೆಂಗಳೂರಿನ ಈಜುಗಾರ ಶರತ್ ಗಾಯಕ್ವಾಡ್ 2014ರಲ್ಲಿ ಒಂದೇ ಪ್ಯಾರಾ ಕೂಟದಲ್ಲಿ ಆರು ಪದಕ ಪಡೆದಾಗ ಪತ್ರಿಕೆಗಳು ಹೋಲಿಸಿದ್ದು ಉಷಾ ಅವರ ಐದರ ಜೊತೆ.

17. ಮುಂದಿನದು ಯಾವಾಗ, ಎಲ್ಲಿ?

ಇಪ್ಪತ್ತನೆಯ ಕೂಟ ಜಪಾನ್‌ನ ಐಚಿ–ನಗೋಯಾದಲ್ಲಿ, 2026ರ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ ಎಂದು ನಿಗದಿಯಾಗಿದೆ. 2030ರದು ದೋಹಾಕ್ಕೆ, 2034ರದು ರಿಯಾದ್‌ಗೆ ಹೋಗಿದೆ. ಜಪಾನ್‌ನ ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಏಳಕ್ಕೆ ಫೈನಲ್ ಇದ್ದರೆ ಇಲ್ಲಿ ಮಧ್ಯಾಹ್ನ ಮೂರೂವರೆ, ಕಚೇರಿಯಲ್ಲಿ ಚಹಾದ ಹೊತ್ತು.